ಸುಳಿವಿಲ್ಲದ ಉತ್ತರ ಹುಡುಕುವುದು ಹೇಗೆ?

(7ನೇ ತರಗತಿಯಿಂದ)



ಪೇಪರಿನಲ್ಲಿ ಬರುವ ಪದಬಂಧವನ್ನು ನೀವೆಲ್ಲರೂ ನೋಡಿದ್ದೀರಿ. ಚೌಕದಲ್ಲಿ ಬಿಳಿ ಮನೆ, ಕಪ್ಪು ಮನೆ ಇರುತ್ತವೆ. ಕೆಳಗೆ ಸುಳಿವು ಇರುತ್ತವೆ. ಸುಳಿವು ಓದಿ ಬಿಳಿ ಮನೆಗಳಲ್ಲಿ ಅಕ್ಷರ ತುಂಬಬೇಕು. ಇದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಕೆಲವು ಮನೆಗಳಿಗೆ ಸುಳಿವೇ ಕೊಡದೆ "ಇವೆಲ್ಲ ಒಂದೇ ಜಾತಿಯವು, ನೀವೇ ಕಂಡುಹಿಡಿಯಿರಿ" ಎಂದು ಬಿಟ್ಟರೆ ಏನು ಮಾಡಬೇಕು? ಅಂಥ ಪದಬಂಧವನ್ನು ಬಿಡಿಸುವ ಬಗೆಯನ್ನು ಈ ಲೇಖನದಲ್ಲಿ ಬರೆದಿದ್ದೇನೆ. ನಾನೇ ಕಟ್ಟಿದ ಒಂದು ಪದಬಂಧವೂ ಕೆಳಗೆ ಐತಿ. ಪೆನ್ಸಿಲ್ ಮತ್ತು ರಬ್ಬರ್ ತಗೊಂಡು ಓದ್ರಿ. ಗೋಡೆ ಮೇಲಿನ ಹಾಳಿ ಮ್ಯಾಲೆ ಮಾತ್ರ ಯಾರೂ ಬರಿಬ್ಯಾಡ್ರಿ, ನಿಮ್ಮ ನಿಮ್ಮ ನೋಟಬುಕ್ಕಿನಲ್ಲಿ ಚೌಕ ಹಾಕ್ಕೊಳ್ರಿ.

ಮೊದಲು ಮನೆಯ ಲೆಕ್ಕ

ಕನ್ನಡದ ಪದಬಂಧದಲ್ಲಿ ಒಂದು ಮನೆಗೆ ಒಂದು ಪೂರ್ತಿ ಅಕ್ಷರ. ಕಾಗುಣಿತ, ಒತ್ತಕ್ಷರ, ಸೊನ್ನೆ ಎಲ್ಲವೂ ಆ ಅಕ್ಷರದ ಸಂಗಡವೇ ಒಂದೇ ಮನೆಯಲ್ಲಿ ಕೂಡುತ್ತವೆ. "ಪ್ರಶ್ನೆ" ಅನ್ನುವುದಕ್ಕೆ ಎರಡೇ ಮನೆ, ಪ್ರ ಮತ್ತು ಶ್ನೆ. "ಕರ್ಣ" ಅನ್ನುವುದಕ್ಕೂ ಎರಡೇ, ಕ ಮತ್ತು ರ್ಣ. "ಆಲಮಟ್ಟಿ"ಗೆ ನಾಲ್ಕು. ಸುಳಿವಿನ ಕೊನೆಗೆ ಕಂಸದಲ್ಲಿ ಬರೆದ ಅಂಕಿ ಎಷ್ಟು ಮನೆ ಎಂದು ಹೇಳುತ್ತದೆ. ಈ ಲೆಕ್ಕ ತಪ್ಪಿದರೆ ಮುಂದೆ ಎಲ್ಲವೂ ತಪ್ಪುತ್ತದೆ.

ನೇರ ಸುಳಿವು, ಸುತ್ತು ಸುಳಿವು

"ಹೊಳೆ (2)" ಎಂದು ಕೊಟ್ಟರೆ ಅದು ನೇರ ಸುಳಿವು. ಉತ್ತರ ನದಿ. ಇದನ್ನೇ "ದಿನ ತಿರುಗಿ ನಿಂತರೆ ಹೊಳೆ (2)" ಎಂದು ಕೊಟ್ಟರೆ ಅದು ಸುತ್ತು ಸುಳಿವು. ದಿನ ಎನ್ನುವುದನ್ನು ಹಿಂದಿನಿಂದ ಓದಿದರೆ ನದಿ ಆಗುತ್ತದೆ. "ನೀರಿನ ದಿಕ್ಕಿನಲ್ಲಿ ಅಡಗಿದ ಹೊಳೆ (2)" ಎಂದರೂ ಅದೇ ಉತ್ತರ. ನೀರಿ(ನ ದಿ)ಕ್ಕು, ನಡುವೆ ನೋಡ್ರಿ, ಅಡಗಿ ಕೂತಿದೆ.

ಸುತ್ತು ಸುಳಿವಿನಲ್ಲಿ ಎರಡು ಭಾಗ ಇರುತ್ತವೆ. ಒಂದು ಭಾಗ ಉತ್ತರದ ಅರ್ಥ ಹೇಳುತ್ತದೆ. ಇನ್ನೊಂದು ಭಾಗ ಅಕ್ಷರಗಳನ್ನು ಹೇಗೆ ಜೋಡಿಸಬೇಕು ಎಂದು ಹೇಳುತ್ತದೆ. ಎರಡೂ ದಾರಿಯಿಂದ ಹೋದರೂ ಒಂದೇ ಉತ್ತರಕ್ಕೆ ಬರಬೇಕು. ಆದ್ದರಿಂದ ಸುತ್ತು ಸುಳಿವು ಕಠಿಣ ಎಂದು ಹೆದರಬೇಕಾಗಿಲ್ಲ. ನೇರ ಸುಳಿವಿನಲ್ಲಿ ಉತ್ತರ ಸರಿಯೋ ತಪ್ಪೋ ಎಂಬ ಸಂಶಯ ಉಳಿಯುತ್ತದೆ. ಸುತ್ತು ಸುಳಿವಿನಲ್ಲಿ ಉತ್ತರ ಸಿಕ್ಕ ಕೂಡಲೇ ಸರಿ ಎಂದು ಗೊತ್ತಾಗುತ್ತದೆ.

ಸುತ್ತುವ ದಾರಿಗಳು ಹಲವು. ತಿರುಗಿಸುವುದು, ಅಡಗಿಸುವುದು ಎರಡನ್ನೂ ಮೇಲೆ ನೋಡಿದಿರಿ. ಎರಡು ಪದ ಕೂಡಿಸುವುದು ಮೂರನೆಯದು. ತಲೆ ಅಥವಾ ಬಾಲ ತೆಗೆಯುವುದು ನಾಲ್ಕನೆಯದು. ಒಂದೇ ಪದಕ್ಕೆ ಎರಡು ಅರ್ಥ ಇರುವುದು ಐದನೆಯದು. "ಗಿಡ ಏರು ಅಂದರೂ ಅದೇ, ಒಂಬತ್ತರ ಮುಂದೆ ಎಣಿಸಿದರೂ ಅದೇ (2)" ಅಂದರೆ ಹತ್ತು. ಇದೇ ರೀತಿ ಆರು, ಏಳು ಎಂಬ ಪದಗಳಿಗೂ ಎರಡೆರಡು ಅರ್ಥ ಇವೆ. ನೀವೇ ಯೋಚಿಸಿರಿ. ಕಾಗುಣಿತ ಬದಲಿಸುವುದು ಆರನೆಯ ದಾರಿ. ಇದು ನಮ್ಮ ಭಾಷೆಯ ಅಕ್ಷರಕ್ಕೆ ಚೆನ್ನಾಗಿ ಒಪ್ಪುವ ದಾರಿ.

ಈಗ ಪದಬಂಧ

■ ■ 1 2 3
■ ■ ■ 4 □
5 6 ■ ■ □
■ 7 □ 8 □
■ ■ ■ □ ■
■ ■ ■ 9 □
■ ■ 10 □ ■
■ 11 □ ■ ■

ಎಡದಿಂದ ಬಲಕ್ಕೆ
1. ಆ ದಶರಥನ ಮಗ ಸುಖವಾಗಿದ್ದಾನೆ (3)
4. ರಾಜಲಕ್ಷ್ಮಿಯೊಳಗೆ ಅಡಗಿದೆ ನೀರು (2)
5. ಸುಳಿವಿಲ್ಲ (2)
7. ಸುಳಿವಿಲ್ಲ (4)
9. ಸುಳಿವಿಲ್ಲ (2)
10. ನಡಿಗೆಯೂ ಹೌದು, ಅವಸ್ಥೆಯೂ ಹೌದು (2)
11. ಸುಳಿವಿಲ್ಲ (2)

ಮೇಲಿನಿಂದ ಕೆಳಕ್ಕೆ
2. ಮುಪ್ಪು ತಿರುಗಿ ನಿಂತರೆ ಅರಸ (2)
3. ಸುಳಿವಿಲ್ಲ (4)
6. ಮೋಡದ ತಲೆಗೆ ಬೇರೆ ಕಾಗುಣಿತ, ಪುಷ್ಯದ ಮುಂದಿನ ತಿಂಗಳು (2)
8. ನಕಲಿಗೆ ಗ್ರಂಥ ಸೇರಿದರೆ ಮೂಲದಂತೆಯೇ ಕಾಣುವುದು (4)
10. ಬಾಲವಿಲ್ಲದ ಗಣಿತದಲ್ಲಿ ಚಿನ್ನ ಸಿಗುತ್ತದೆ (2)

ಸುಳಿವಿಲ್ಲದ ಐದು ಉತ್ತರಗಳು ಒಂದೇ ಗುಂಪಿಗೆ ಸೇರಿದವು. ಆ ಗುಂಪು ಯಾವುದು ಎಂದು ನಾನು ಹೇಳುವುದಿಲ್ಲ. ಸ್ವತಃ ಬಿಡಿಸಬೇಕು ಅನ್ನುವವರು ಇಲ್ಲಿಗೇ ಓದುವುದನ್ನು ನಿಲ್ಲಿಸಿ, ನಾಳೆ ಮುಂದೆ ಓದ್ರಿ.

ಮೊದಲ ಹೆಜ್ಜೆ: ಸುಳಿವಿದ್ದದ್ದನ್ನು ಬಿಡಿಸುವುದು

ಸುಳಿವಿಲ್ಲದ ಮನೆಗಳನ್ನು ನೋಡುತ್ತ ಕೂತರೆ ದಿನಾ ಹೋದರೂ ಏನೂ ಹೊಳೆಯುವುದಿಲ್ಲ. ಮೊದಲು ಸುಳಿವು ಇದ್ದದ್ದನ್ನು ಬಿಡಿಸಬೇಕು.

1ನೆಯದರಲ್ಲಿ ದಶರಥನ ಮಗ ರಾಮ. ಆ + ರಾಮ = ಆರಾಮ. "ಆರಾಮ ಅದೀರೇನ್ರಿ?" ಎಂದು ನಾವು ದಿನಾ ಕೇಳುವ ಮಾತೇ ಇದು. ಮೇಲಿನಿಂದ ಕೆಳಕ್ಕೆ 2ರಲ್ಲಿ ಮುಪ್ಪು ಅಂದರೆ ಜರಾ. ತಿರುಗಿಸಿದರೆ ರಾಜ. ರಾಜಲಕ್ಷ್ಮಿಯ ನಡುವೆ ಜಲ. ರಾಜ ಮತ್ತು ಜಲ ಎರಡಕ್ಕೂ "ಜ" ಒಂದೇ ಮನೆಯಲ್ಲಿ ಬಿತ್ತು, ಆದ್ದರಿಂದ ಎರಡೂ ಸರಿ. 6ರಲ್ಲಿ ಮೋಡ ಅಂದರೆ ಮೇಘ. "ಮೇ" ತೆಗೆದು "ಮಾ" ಮಾಡಿದರೆ ಮಾಘ. ಪುಷ್ಯ ಮಾಸದ ಮುಂದೆ ಮಾಘ ಮಾಸ ಬರುತ್ತದೆ. 10ರಲ್ಲಿ ನಡಿಗೆಗೂ ಅವಸ್ಥೆಗೂ ಗತಿ ಎನ್ನುತ್ತಾರೆ. "ಇನ್ನೇನು ಗತಿ?" ಎನ್ನುವುದಿಲ್ಲವೇ? 8ನೆಯದು ಸ್ವಲ್ಪ ಬಿಗಿ. ಅದನ್ನು ಆಮೇಲೆ ನೋಡೋಣ. 10ರ ಕೆಳಮುಖದ ಉತ್ತರವನ್ನು ನಿಮಗೇ ಬಿಟ್ಟಿದ್ದೇನೆ.

ಎರಡನೆಯ ಹೆಜ್ಜೆ: ಊಹೆ

ಈಗ ಸುಳಿವಿಲ್ಲದ ಮನೆಗಳಲ್ಲಿ ಕೆಲವು ಅಕ್ಷರ ತಾವಾಗಿಯೇ ಬಂದಿವೆ. 5ನೆಯದರಲ್ಲಿ "_ ಮಾ". 7ನೆಯದರಲ್ಲಿ "ಘ _ _ _". 3ನೆಯದರಲ್ಲಿ "ಮ ಲ _ _".

ಇದನ್ನು ನಾನು ನಮ್ಮ ತರಗತಿಯಲ್ಲಿ ತೋರಿಸಿದಾಗ ಒಬ್ಬ ಗೆಳೆಯ ಥಟ್ಟನೆ ಹೇಳಿದ, "ಮಹಾಭಾರತಲೇ ಇದು! 5 ಭೀಮ. 7 ಅವನ ಮಗ ಘಟೋತ್ಕಚ. 9 ಕರ್ಣ." ಎಲ್ಲರೂ ಚಪ್ಪಾಳೆ ಹೊಡೆದರು. ಅವನು ಹೇಳಿದ್ದು ಸುಮ್ಮನೆ ಹೇಳಿದ್ದಲ್ಲ. ಮನೆ ಎಣಿಸಿ ನೋಡ್ರಿ. ಘ, ಟೋ, ತ್ಕ, ಚ ಅಂದರೆ ಸರಿಯಾಗಿ ನಾಲ್ಕು ಮನೆ. ಭೀಮ ಎರಡು ಮನೆ. ಕರ್ಣ ಎರಡು ಮನೆ. ತಂದೆ ಮಗ ಇಬ್ಬರೂ ಒಂದೇ ಪದಬಂಧದಲ್ಲಿ ಬಂದಿದ್ದು ಎಷ್ಟು ಚೆಂದ! ಗುಂಪು ಸಿಕ್ಕಿತು ಅಂತ ಯಾರಿಗಾದರೂ ಅನಿಸುತ್ತದೆ.

ಮೂರನೆಯ ಹೆಜ್ಜೆ: ಪರೀಕ್ಷೆ

ಈ ಲೇಖನದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಇದೇ. ಗುಂಪು ಹೊಳೆದ ಕೂಡಲೇ ಪೆನ್ನಿನಿಂದ ಬರೆಯಬಾರದು. ಅಡ್ಡ ಬರುವ ಮನೆಗಳನ್ನು ಒಂದೊಂದಾಗಿ ಕೇಳಬೇಕು, "ನೀನು ಒಪ್ತೀಯೇನು?" ಅಂತ.

5ನ್ನು ಕೇಳೋಣ. ಅಲ್ಲಿ "ಮ" ಇಲ್ಲ, "ಮಾ" ಇದೆ. ಮಾಘದ ಮಾ. ಭೀಮ ಎಂದು ಬರೆದರೆ ಮಾಘ ಹೋಗಿ ಮಘ ಆಗುತ್ತದೆ. ದೀರ್ಘ ಒಂದೇ ತಾನೇ, ಇರಲಿ ಬಿಡು ಎನ್ನಬಹುದು. ಆಯಿತು, 7ನ್ನು ಕೇಳೋಣ. ಘಟೋತ್ಕಚನ ಕೊನೆಯ ಮನೆ 3ಕ್ಕೂ ಕೊನೆಯ ಮನೆ. ಹಾಗಾದರೆ 3ನೆಯದು "ಮ ಲ _ ಚ" ಆಗಬೇಕು. ಮಹಾಭಾರತದಲ್ಲಿ ಅಂಥ ಹೆಸರು ನಮ್ಮ ತರಗತಿಯಲ್ಲಿ ಯಾರಿಗೂ ಸಿಗಲಿಲ್ಲ.

ಈಗ ಬಿಟ್ಟಿದ್ದ 8ನೆಯದನ್ನು ಬಿಡಿಸೋಣ. ನಕಲು ಅಂದರೆ ಪ್ರತಿ. ಗ್ರಂಥ ಅಂದರೆ ಕೃತಿ. ಪ್ರತಿ + ಕೃತಿ = ಪ್ರತಿಕೃತಿ. ಬಸವನ ಬಾಗೇವಾಡಿಗೆ ಹೋದಾಗ ಬಸವಣ್ಣನವರ ಮೂರ್ತಿ ನೋಡಿ, ಮನೆಗೆ ಅದರಂಥದ್ದೇ ಸಣ್ಣದು ತರುತ್ತಾರಲ್ಲ, ಅದು ಪ್ರತಿಕೃತಿ. ಇದರ ಕೊನೆಯ "ತಿ" ಗತಿಯ "ತಿ"ಗೆ ಸರಿಯಾಗಿ ಕೂಡಿತು. ಆದ್ದರಿಂದ ಇದು ಗಟ್ಟಿ ಉತ್ತರ. ಇದರ ಮೊದಲ ಅಕ್ಷರ "ಪ್ರ" ಬಿದ್ದದ್ದು 7ರ ಮೂರನೆಯ ಮನೆಯಲ್ಲಿ. ಘಟೋತ್ಕಚನಿಗೆ ಅಲ್ಲಿ "ತ್ಕ" ಬೇಕು. ಇದರ ಮೂರನೆಯ ಅಕ್ಷರ "ಕೃ" ಬಿದ್ದದ್ದು 9ರ ಮೊದಲ ಮನೆಯಲ್ಲಿ. ಕರ್ಣನಿಗೆ ಅಲ್ಲಿ "ಕ" ಬೇಕು. ಮಹಾಭಾರತ ಅಲ್ಲಿಗೇ ಮುಗಿಯಿತು.

ಎಷ್ಟು ಚೆಂದ ಹೊಂದಿದರೂ, ಒಂದು ಮನೆ ಒಪ್ಪದಿದ್ದರೆ ಆ ಊಹೆಯನ್ನು ಬಿಡಬೇಕು. ಒಪ್ಪದ ಮನೆಯನ್ನು ಅಳಿಸಿ ನಮ್ಮ ಊಹೆಗೆ ತಕ್ಕಂತೆ ಬರೆಯಬಾರದು.

ನಾಲ್ಕನೆಯ ಹೆಜ್ಜೆ: ಅಪರೂಪದ ಅಕ್ಷರದಿಂದ ಶುರು

ಈಗ ನಮ್ಮ ಕೈಯಲ್ಲಿ ಇರುವುದು ಇಷ್ಟು.

5: _ ಮಾ
7: ಘ _ ಪ್ರ _
9: ಕೃ _
3: ಮ ಲ _ _

"_ ಮಾ" ಎಂದರೆ ಉಮಾ, ರಮಾ, ಸೀಮಾ, ಏನೂ ಆಗಬಹುದು. "ಕೃ _" ಎಂದರೆ ಕೃಷಿ, ಕೃಪೆ, ಕೃತಿ ಆಗಬಹುದು. ಇವುಗಳಿಂದ ಶುರು ಮಾಡಿದರೆ ದಾರಿ ಬಹಳ. ಆದರೆ "ಘ"ದಿಂದ ಶುರುವಾಗಿ ನಡುವೆ "ಪ್ರ" ಬರುವ ಪದ ಎಷ್ಟಿವೆ? ದಾರಿ ಕಡಿಮೆ ಇದ್ದಲ್ಲಿಯೇ ಮೊದಲು ಹೋಗಬೇಕು. ಘ, ಟ, ಪ್ರ... ಘಟಪ್ರಭಾ! ಕೂಡಲೇ 3ನೆಯದನ್ನು ನೋಡ್ರಿ. ಮ, ಲ, ಕೊನೆಗೆ ಘಟಪ್ರಭೆಯ ಜೊತೆ ಕೂಡಿದ ಮನೆ. ಮಲಪ್ರಭಾ!

ಈ ಎರಡು ಹೆಸರಿನ ಕೊನೆಯ ಎರಡು ಅಕ್ಷರ ಒಂದೇ ಆಗಿವೆ. ಆದ್ದರಿಂದ "_ _ ಪ್ರ ಭಾ" ಇಷ್ಟೇ ಸಿಕ್ಕಿದ್ದರೆ ಯಾವುದು ಎಲ್ಲಿ ಎಂದು ಹೇಳಲು ಆಗುತ್ತಿರಲಿಲ್ಲ. ಮಾಘದ "ಘ", ಆರಾಮದ "ಮ" ಎರಡೂ ಸೇರಿ ಜಗಳ ಬಗೆಹರಿಸಿದವು.

ಗುಂಪು ನದಿಗಳದ್ದು ಎಂದಾಯಿತು. "ಕೃ _" ಕೃಷ್ಣಾ. "_ ಮಾ" ಭೀಮಾ. ಇಲ್ಲಿ ಒಬ್ಬರು ಅಕ್ಕೋರು ಒಳ್ಳೆ ಪ್ರಶ್ನೆ ಕೇಳಿದರು. "ನಾವು ಕೃಷ್ಣೆ, ಭೀಮೆ, ಘಟಪ್ರಭೆ ಅಂತಲೂ ಅಂತೀವಿ. ಕೊನೆಗೆ ಆ ಬರೀಬೇಕೋ ಎ ಬರೀಬೇಕೋ ಹೆಂಗ ಗೊತ್ತಾಗಬೇಕು?" ಅಂತ. ಉತ್ತರ ಮತ್ತೆ ಮಾಘದಲ್ಲಿದೆ. 5ರಲ್ಲಿ "ಮಾ" ಎಂದೇ ಇದೆ, "ಮೆ" ಎಂದಿಲ್ಲ. ಒಂದು ಗುಂಪಿನ ಹೆಸರುಗಳನ್ನು ಒಂದೇ ರೀತಿ ಬರೆಯುವುದು ಪದಬಂಧದ ಪದ್ಧತಿ. ಒಂದು ಭೀಮಾ ಆದರೆ ಉಳಿದವೂ ಕೃಷ್ಣಾ, ಘಟಪ್ರಭಾ, ಮಲಪ್ರಭಾ.

ಐದನೆಯ ಹೆಜ್ಜೆ: ಗುಂಪನ್ನು ಬಿಗಿ ಮಾಡುವುದು

11ನೆಯದು ಉಳಿಯಿತು. ಎರಡು ಮನೆಯ ನದಿ. ಆದರೆ ಕರ್ನಾಟಕದಲ್ಲಿ ಎರಡು ಮನೆಯ ನದಿ ಬಹಳ ಇವೆ. ತುಂಗಾ, ಭದ್ರಾ, ಕಾಳಿ... ಬರೀ ನದಿ ಎಂದರೆ ಗುಂಪು ಸಡಿಲ. ಸಿಕ್ಕ ನಾಲ್ಕನ್ನೂ ಒಂದು ಕಡೆ ಇಟ್ಟು ಇವುಗಳ ಸಂಬಂಧ ಏನು ಎಂದು ಕೇಳಬೇಕು.

ನಮ್ಮ ವಿಜಯಪುರ ಜಿಲ್ಲೆಗೆ ಐದು ನದಿಗಳ ನಾಡು ಎಂಬ ಹೆಸರಿದೆ. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆ ಆಯಿತು. ಅದಕ್ಕಿಂತ ಮೊದಲು ಎರಡೂ ಕೂಡಿ ಒಂದೇ ಜಿಲ್ಲೆ ಇದ್ದಾಗಿನ ಹೆಸರು ಅದು. ಘಟಪ್ರಭಾ ಮತ್ತು ಮಲಪ್ರಭಾ ಈಗ ಬಾಗಲಕೋಟೆಯ ಕಡೆ ಹರಿಯುತ್ತವೆ. ಮಲಪ್ರಭಾ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಭೀಮಾ ಜಿಲ್ಲೆಯ ಉತ್ತರದ ಅಂಚಿನಲ್ಲಿ ಇಂಡಿ, ಸಿಂದಗಿ ಕಡೆಯಿಂದ ಹರಿದು, ಮುಂದೆ ರಾಯಚೂರು ಜಿಲ್ಲೆಯ ಕಡೆ ಹೋಗಿ ಕೃಷ್ಣೆಗೆ ಕೂಡುತ್ತದೆ. ಐದರಲ್ಲಿ ನಾಲ್ಕು ನದಿ ಕೃಷ್ಣೆಯನ್ನೇ ಸೇರುತ್ತವೆ. ಆ ಕೃಷ್ಣೆಗೆ ಅಡ್ಡಲಾಗಿ ನಮ್ಮ ಊರ ಹತ್ತಿರ ಆಲಮಟ್ಟಿ ಆಣೆಕಟ್ಟು ಇದೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅದಕ್ಕೆ ಅಡಿಗಲ್ಲು ಇಟ್ಟರು.

ಐದನೆಯ ನದಿ ನಮ್ಮ ಜಿಲ್ಲೆಯ ಎರೆ ಹೊಲಗಳ ನಡುವೆ ಹರಿಯುತ್ತದೆ. ಅದರ ಸಾಲಿನ ಭೂಮಿ ಬಿಳಿಜೋಳಕ್ಕೆ ಹೆಸರಾದದ್ದು. ಹೆಸರು ಮಾತ್ರ ನಾನು ಬರೆಯುವುದಿಲ್ಲ. 10ರ ಕೆಳಮುಖದ ಉತ್ತರ ಬಿಡಿಸಿದರೆ ಅದರ ಕೊನೆಯ ಅಕ್ಷರ ಸಿಗುತ್ತದೆ. ಆಮೇಲೆ ಮನೆಯಲ್ಲಿ ಅಜ್ಜನನ್ನೋ ಅಜ್ಜಿಯನ್ನೋ ಕೇಳ್ರಿ.

ಇದು ಎಲ್ಲಿಂದ ಬಂತು?

ಈಗಿನಂಥ ಪದಬಂಧವನ್ನು ಮೊದಲು ಮಾಡಿದವರು ಆರ್ಥರ್ ವಿನ್. ಅದು 1913ರ ಡಿಸೆಂಬರ್ 21ರಂದು ಅಮೆರಿಕದ "ನ್ಯೂಯಾರ್ಕ್ ವರ್ಲ್ಡ್" ಪತ್ರಿಕೆಯಲ್ಲಿ ಬಂತು. ಅದರ ಆಕಾರ ಚೌಕವಲ್ಲ, ಗಾಳಿಪಟದಂತೆ ಇತ್ತು. ಮುಂದೆ ಇಂಗ್ಲೆಂಡಿನವರು ಸುತ್ತು ಸುಳಿವನ್ನು ಬೆಳೆಸಿದರು. ಅಲ್ಲಿಯ "ಲಿಸನರ್" ಎಂಬ ವಾರಪತ್ರಿಕೆ 1930ರಿಂದ ಬಹಳ ಕಠಿಣವಾದ ಪದಬಂಧ ಹಾಕತೊಡಗಿತು. ಸುಳಿವಿಲ್ಲದ, ಒಂದೇ ಗುಂಪಿನ ಉತ್ತರಗಳು ಅದರಲ್ಲಿ ಹೆಸರಾದವು. 1991ರಲ್ಲಿ ಆ ಪತ್ರಿಕೆ ನಿಂತರೂ ಅದರ ಪದಬಂಧ "ಟೈಮ್ಸ್" ಪತ್ರಿಕೆಯಲ್ಲಿ ಮುಂದುವರಿಯಿತು. ಎರಡನೆಯ ಮಹಾಯುದ್ಧದ ಕಾಲಕ್ಕೆ, 1942ರಲ್ಲಿ, ಲಂಡನ್ನಿನ ಇನ್ನೊಂದು ಪತ್ರಿಕೆ "ಡೈಲಿ ಟೆಲಿಗ್ರಾಫ್" ತನ್ನ ಪದಬಂಧವನ್ನು 12 ನಿಮಿಷದೊಳಗೆ ಬಿಡಿಸುವ ಸ್ಪರ್ಧೆ ಇಟ್ಟಿತ್ತು. ಅದರಲ್ಲಿ ಗೆದ್ದ ಕೆಲವರನ್ನು ಶತ್ರುಗಳ ಗುಪ್ತ ಬರಹ ಬಿಡಿಸುವ ಕೆಲಸಕ್ಕೆ ಕರೆದರು.

ಕನ್ನಡದಲ್ಲಿ ಈ ಕೆಲಸಕ್ಕೆ ಹೆಸರಾದವರು ಎ. ಎನ್. ಪ್ರಹ್ಲಾದರಾವ್. 1953ರಲ್ಲಿ ಕೋಲಾರ ಜಿಲ್ಲೆಯ ಅಬ್ಬಣಿ ಎಂಬ ಹಳ್ಳಿಯಲ್ಲಿ ಹುಟ್ಟಿದ ಇವರು ಮೂವತ್ತು ಸಾವಿರಕ್ಕಿಂತ ಹೆಚ್ಚು ಕನ್ನಡ ಪದಬಂಧ ರಚಿಸಿದ್ದಾರೆ. ಲಿಮ್ಕಾ ದಾಖಲೆ ಪುಸ್ತಕದಲ್ಲಿ ಇವರ ಹೆಸರು ಸೇರಿದೆ. ಹಳ್ಳಿಯಲ್ಲಿ ಹುಟ್ಟಿದವರೇ ಅಷ್ಟು ಮಾಡಿದ್ದಾರೆ ಎಂಬುದನ್ನು ಗಮನಿಸಿರಿ.

ಚೌಕ ಹೊರಗಿನಿಂದ ಬಂದಿರಬಹುದು. ಆದರೆ ಮಾತನ್ನು ಸುತ್ತಿ ಹೇಳುವುದು, ಸುತ್ತಿದ್ದನ್ನು ಬಿಡಿಸುವುದು ನಮಗೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿಯೇ ಅಲ್ಲಮಪ್ರಭುಗಳು ಬೆಡಗಿನ ವಚನಗಳನ್ನು ಹೇಳಿದರು. ಅವುಗಳ ಮೇಲಿನ ಅರ್ಥ ಬೇರೆ, ಒಳಗಿನ ಅರ್ಥ ಬೇರೆ. ಕನಕದಾಸರ ಮುಂಡಿಗೆಗಳೂ ಹಾಗೆಯೇ. ಮದುವೆ ಮನೆಯಲ್ಲಿ ಹೊಸ ಸೊಸೆ ಗಂಡನ ಹೆಸರನ್ನು ನೇರವಾಗಿ ಹೇಳದೆ ಒಡಪು ಕಟ್ಟಿ ಅದರೊಳಗೆ ಇಟ್ಟು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಸುಳಿವಿನೊಳಗೆ ಹೆಸರು ಅಡಗಿಸುವುದು ಅಂದರೆ ಅದೇ ಅಲ್ಲವೇ?

ಇದರಿಂದ ಏನು ಉಪಯೋಗ?

ಕೆಲವರು ಕೇಳುತ್ತಾರೆ, "ಮೊಬೈಲಿನಾಗ ಹೊಡೆದ್ರ ಉತ್ತರ ಬರತೈತಿ, ಇಷ್ಟು ತ್ರಾಸ ಯಾಕ?" ಎಂದು. ಉತ್ತರ ಬರಬಹುದು. ಆದರೆ ಅದು ಸರಿಯೋ ಅಲ್ಲವೋ ಎಂದು ನೋಡುವುದನ್ನು ನಾವೇ ಕಲಿಯಬೇಕು.

ಒಂದು ಉದಾಹರಣೆ ಹೇಳುತ್ತೇನೆ. ಮಳೆಗಾಲದಲ್ಲಿ ನಮ್ಮ ಕಡೆ "ಆಲಮಟ್ಟಿ ಗೇಟು ಅಷ್ಟೂ ತೆಗೆದಾರಂತ, ಹೊಳಿ ಬರಾಕತ್ತೈತಂತ" ಎಂದು ಸುದ್ದಿ ಹಬ್ಬುತ್ತದೆ. ಆಣೆಕಟ್ಟಿಗೆ ಗೇಟು 26. ನಿಜವಾಗಿಯೂ ಬಹಳ ತೆಗೆದಿದ್ದರೆ ಹೊಳೆದಂಡೆಯ ಪಂಪಸೆಟ್ಟು ಎತ್ತಬೇಕು, ದನ ಹೊಡೆದುಕೊಂಡು ಬರಬೇಕು, ತಡ ಮಾಡುವಂತಿಲ್ಲ. ಸುಳ್ಳಾಗಿದ್ದರೆ ರಾತ್ರಿಯೆಲ್ಲ ಸುಮ್ಮನೆ ಓಡಾಟ. ಮೂರು ಮಂದಿ ಹೇಳಿದರು ಎಂದರೆ ಸಾಲದು. ಮೂವರೂ ಒಬ್ಬನ ಬಾಯಿಂದಲೇ ಕೇಳಿರಬಹುದು. ಪಂಚಾಯತಿಯವರು ಡಂಗುರ ಸಾರಿದರೇ? ಹೊಳೆಯ ನೀರು ನಿನ್ನೆಗಿಂತ ಏರಿದೆಯೇ? ಬೇರೆ ಬೇರೆ ಕಡೆಯಿಂದ ಬಂದ ಮಾತು ಒಂದೇ ಮನೆಯಲ್ಲಿ ಕೂಡಬೇಕು. ಮಾಘವೂ ಪ್ರತಿಕೃತಿಯೂ ಬೇರೆ ಬೇರೆ ಸುಳಿವಿನಿಂದ ಬಂದು ಘಟಪ್ರಭೆಯಲ್ಲಿ ಕೂಡಿದ ಹಾಗೆ.

ನೀವೂ ಕಟ್ಟಿರಿ

ಕಟ್ಟುವುದು ಸುಲಭ. ಮೊದಲು ಗುಂಪು ಆರಿಸಿರಿ. ಆ ಗುಂಪಿನ ಹೆಸರುಗಳನ್ನು ಮನೆ ಎಣಿಸಿ ಬರೆದುಕೊಳ್ಳಿರಿ. ಎರಡು ಹೆಸರಿಗೆ ಕೂಡುವ ಅಕ್ಷರ ಹುಡುಕಿರಿ, ನನಗೆ ಮೊದಲು ಸಿಕ್ಕದ್ದು "ಭಾ". ನಡುವೆ ಜೋಡಿಸಲು ಸಣ್ಣ ಪದ ಹಾಕಿರಿ. ಸುಳಿವಿಲ್ಲದ ಪ್ರತಿ ಉತ್ತರಕ್ಕೂ ಸುಳಿವಿದ್ದ ಒಂದು ಪದವಾದರೂ ಅಡ್ಡ ಬರಲೇಬೇಕು. ಇಲ್ಲದಿದ್ದರೆ ಬಿಡಿಸುವವರಿಗೆ ಮೋಸ ಮಾಡಿದಂತೆ.

ಗುಂಪಿಗೆ ದೂರ ಹೋಗಬೇಕಾಗಿಲ್ಲ. ಮಳೆಯ ಹೆಸರು ತಗೊಳ್ರಿ: ರೋಹಿಣಿ, ಮೃಗಶಿರ, ಹಸ್ತ, ಚಿತ್ತಿ, ಸ್ವಾತಿ. ಪೂರ್ತಿ ಪಟ್ಟಿ ನಿಮ್ಮ ಅಜ್ಜನಿಗೆ ಬಾಯಿಪಾಠ ಇರುತ್ತದೆ. ಗಳೇವಿನ ಸಾಮಾನು, ಕಾಳುಕಡಿ, ವಚನಕಾರರ ಹೆಸರು, ಇವೆಲ್ಲ ಒಳ್ಳೆಯ ಗುಂಪುಗಳೇ. ಪೇಟೆಯವರಿಗೆ ಬಿಡಿಸಲು ಬಾರದ ಪದಬಂಧವನ್ನು ನಾವು ಕಟ್ಟಬಹುದು.

10ರ ಕೆಳಮುಖದ ಉತ್ತರ ಮತ್ತು 11ನೆಯ ಉತ್ತರವನ್ನು ಚೀಟಿಯಲ್ಲಿ ಬರೆದು 7ನೇ ತರಗತಿಗೆ ತಂದು ಕೊಡಿರಿ. ಬರೀ ಉತ್ತರ ಬರೆದರೆ ನಡೆಯುವುದಿಲ್ಲ. ಅದು ಹೇಗೆ ಸರಿ ಎಂಬುದನ್ನೂ ಒಂದು ಸಾಲಿನಲ್ಲಿ ಬರೆಯಿರಿ. ಸರಿಯಾಗಿ ಬರೆದವರ ಹೆಸರು ಮುಂದಿನ ಗೋಡೆ ಪತ್ರಿಕೆಯಲ್ಲಿ ಬರುತ್ತದೆ. ಗುರುಗಳೂ ಚೀಟಿ ಹಾಕಬಹುದು!